ಕಬ್ಬಿನ ಗ್ಯಾಂಗಿಗೆ ಮಾಲೀಕ ಯಾರು? ರಬ್ಬರ್ ತೋಟದ ಕಾನೂನು ಕಲಿಸುವ ಪಾಠ

ಹನ್ನೂರ: ದೀಪಾವಳಿ ಮುಗಿದು ವಾರ ಕಳೆಯುವುದರೊಳಗೆ ಅಕ್ಕಲಕೋಟ ತಾಲೂಕಿನ ರಸ್ತೆಗಳ ಮೇಲೆ ಟ್ರ್ಯಾಕ್ಟರ್‌ಗಳ ಓಡಾಟ ಹೆಚ್ಚುತ್ತದೆ. ಹಿಂದಿನ ಟ್ರಾಲಿಗಳಲ್ಲಿ ಗಂಡಸರು, ಹೆಂಗಸರು, ಎಳೆ ಕೂಸುಗಳು, ಆಡು, ಕೋಳಿ, ಜೋಳದ ಚೀಲ, ಕೊಪ್ಪಿ ಕಟ್ಟಲು ಬೇಕಾದ ಬಿದಿರು ಮತ್ತು ತಾಡಪತ್ರಿ. ಇವರೇ ಕಬ್ಬಿನ ಗ್ಯಾಂಗಿನವರು. ಬೀಡ ಮತ್ತು ಮರಾಠವಾಡದ ಬೇರೆ ಜಿಲ್ಲೆಗಳಿಂದ ಸೋಲಾಪುರ ಜಿಲ್ಲೆಗೆ ಬರುವವರು ಇದ್ದಾರೆ. ಗಡಿ ದಾಟಿ ಹಾವಿನಾಳ, ಮರಗೂರ, ಅಫಜಲಪುರ ತಾಲೂಕಿನ ಹವಳಗಾ, ಇನ್ನೂ ಆಚೆಗೆ ಬಾಗಲಕೋಟೆ, ಬೆಳಗಾವಿ ಕಡೆಯ ಕಾರ್ಖಾನೆಗಳಿಗೆ ಹೋಗುವವರೂ ಇದ್ದಾರೆ.

ನಮ್ಮ ಭಾಗದ ಅನೇಕ ಊರುಗಳಿಗೆ ಈ ಗ್ಯಾಂಗಿನ ನಂಟು ಒಂದಲ್ಲ ಒಂದು ರೀತಿಯಲ್ಲಿ ಇದ್ದೇ ಇದೆ. ಒಬ್ಬರ ಹೊಲದ ಕಬ್ಬು ಕಡಿಯಬೇಕು, ಇನ್ನೊಬ್ಬರ ಟ್ರ್ಯಾಕ್ಟರ್ ಕಾರ್ಖಾನೆಗೆ ಹಚ್ಚಿರುತ್ತದೆ, ಮತ್ತೊಬ್ಬರ ಮಗ-ಸೊಸೆ ತಾವೇ ಕೋಯತಾ ಹಿಡಿದು ಹೋಗಿರುತ್ತಾರೆ. ಆದರೆ ಇವರಿಗೆ ಮಾಲೀಕ ಯಾರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಈ ಒಂದು ಪ್ರಶ್ನೆಗೆ ಉತ್ತರವಿಲ್ಲದ ಕಾರಣಕ್ಕೇ ಅವರಿಗೆ ಮನೆ ಇಲ್ಲ, ನೀರಿಲ್ಲ, ಮಕ್ಕಳಿಗೆ ಶಾಲೆ ಇಲ್ಲ. ಇದೇ ದೇಶದಲ್ಲಿ, ಇದೇ ತರಹ ಗಿಡ-ಮರದ ನಡುವೆ ದುಡಿಯುವ ರಬ್ಬರ್ ತೋಟದ ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಶಾಲೆ ಒದಗಿಸಬೇಕೆಂದು 1951ರಲ್ಲಿಯೇ ಕಾನೂನು ಆಗಿದೆ. ಅವರಿಗೆ ಸಿಕ್ಕಿದ್ದು ಇವರಿಗೆ ಏಕೆ ಸಿಗಲಿಲ್ಲ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಉಚಲ್ ಎಂಬ ಸರಪಳಿ

ಕಬ್ಬು ಕಡಿಯುವವರ ಪೂರೈಕೆ ನಡೆಯುವುದು ಉಚಲ್ ಮೇಲೆ, ಅಂದರೆ ಮುಂಗಡ ಹಣದ ಮೇಲೆ. ಮಳೆಗಾಲದಲ್ಲಿ, ಮನೆಯಲ್ಲಿ ಕಾಳು-ಕಡಿ ಮುಗಿದ ಹೊತ್ತಿನಲ್ಲಿ ಈ ಹಣ ಹಂಚಿಕೆಯಾಗುತ್ತದೆ. ಕಾರ್ಖಾನೆ ವಾಹನದ ಮಾಲೀಕನೊಡನೆ ಕರಾರು ಮಾಡಿಕೊಂಡು ಅವನಿಗೆ ಹಣ ಕೊಡುತ್ತದೆ. ಅವನು ತನ್ನದೂ ಒಂದಿಷ್ಟು ಸೇರಿಸಿ ಮುಕಾದಮನಿಗೆ ಕೊಡುತ್ತಾನೆ. ಮುಕಾದಮ ಅದನ್ನು ಜೋಡಿಗಳಿಗೆ ಹಂಚುತ್ತಾನೆ. ಗಂಡ-ಹೆಂಡತಿ ಇಬ್ಬರೂ ಸೇರಿದರೆ ಲೆಕ್ಕದಲ್ಲಿ ಒಂದು ಕೋಯತಾ. ಒಂದು ಕೋಯತಾಕ್ಕೆ ಐವತ್ತು ಸಾವಿರದಿಂದ ಒಂದು ಲಕ್ಷ, ಕೆಲವು ಕಡೆ ಅದಕ್ಕೂ ಹೆಚ್ಚು ಉಚಲ್ ನಡೆದಿದೆ. ಮದುವೆ, ದವಾಖಾನೆ, ಹಳೆಯ ಸಾಲ, ಮನೆಯ ರಿಪೇರಿಗೆಂದು ಆ ಹಣ ಊರು ಬಿಡುವ ಮೊದಲೇ ಖರ್ಚಾಗಿರುತ್ತದೆ.

ಈಗ ಒಂದು ಜೋಡಿಯ ಲೆಕ್ಕ ಹಾಕಿ ನೋಡೋಣ. ಮಹಾರಾಷ್ಟ್ರದಲ್ಲಿ 2024ರ ಜನವರಿಯಲ್ಲಿ ಸಕ್ಕರೆ ಸಂಘ ಮತ್ತು ಕಾರ್ಮಿಕ ಸಂಘಟನೆಗಳ ನಡುವೆ ಒಪ್ಪಂದವಾಗಿ ಕಡಿಯುವ ದರ ಶೇ. 34ರಷ್ಟು ಏರಿತು. ಟನ್ನಿಗೆ 273 ರೂ. ಇದ್ದದ್ದು ಸುಮಾರು 366 ರೂ. ಆಯಿತು. ಮುಕಾದಮನ ಕಮಿಶನ್ ಶೇ. 19ರಿಂದ 20ಕ್ಕೆ ಏರಿತು. ಒಂದು ಜೋಡಿ ಇಡೀ ದಿನ ದುಡಿದರೆ ಎರಡು ಟನ್ನಿನ ಆಸುಪಾಸು ಕಡಿದು, ಎಲೆ ಸವರಿ, ಮೋಳಿ ಕಟ್ಟಿ, ತಲೆಯ ಮೇಲೆ ಹೊತ್ತು ವಾಹನಕ್ಕೆ ತುಂಬಬಹುದು. ಅಂದರೆ ಇಬ್ಬರಿಗೂ ಸೇರಿ ದಿನಕ್ಕೆ 732 ರೂ. ಒಂದು ಲಕ್ಷದ ಉಚಲ್ ತೀರಬೇಕಾದರೆ 273 ಟನ್ ಕಡಿಯಬೇಕು, ಅಂದರೆ 137 ದಿನ ಒಂದು ದಿನವೂ ಬಿಡದೆ ದುಡಿಯಬೇಕು.

ಆದರೆ ಹಂಗಾಮು ಅಷ್ಟು ದಿನ ನಡೆಯುವ ಖಾತ್ರಿ ಇಲ್ಲ. 2024-25ರಲ್ಲಿ ಕಬ್ಬಿನ ಕೊರತೆಯಿಂದ ರಾಜ್ಯದ ಅನೇಕ ಕಾರ್ಖಾನೆಗಳು ನೂರು ದಿನವೂ ನಡೆಯಲಿಲ್ಲ. ನೂರು ದಿನದ ದುಡಿಮೆ ಎಂದರೆ 73,200 ರೂ. ಉಳಿದ 26,800 ರೂ. ಬಾಕಿ. ಇದರ ಮೇಲೆ ವಾರದ ಸಂತೆಗೆಂದು ಪಡೆದ ಖರ್ಚಿ ಸೇರುತ್ತದೆ. ಜ್ವರ ಬಂದು ಮಲಗಿದರೆ, ಊರಿನಲ್ಲಿ ಸಾವಾಗಿ ಹೋದರೆ ಖಾಡೆ ಎಂದು ದಿನದ ದಂಡ ಬೇರೆ. ಹೀಗೆ ಯುಗಾದಿಯ ಹೊತ್ತಿಗೆ ಊರಿಗೆ ಮರಳುವಾಗ ಕೈಯಲ್ಲಿ ಹಣ ಇರುವುದಿಲ್ಲ, ಮುಂದಿನ ವರ್ಷ ಮತ್ತೆ ಅದೇ ಮುಕಾದಮನ ಹತ್ತಿರ ಹೋಗಲೇಬೇಕಾದ ಬಾಕಿ ಇರುತ್ತದೆ.

ಇಲ್ಲಿ ಮುಕಾದಮನೊಬ್ಬನನ್ನೇ ಖಳನಾಯಕನನ್ನಾಗಿ ಮಾಡಿದರೆ ಸಾಲದು. ಎಷ್ಟೋ ಮುಕಾದಮರು ತಾವೂ ಒಂದು ಕಾಲಕ್ಕೆ ಕಬ್ಬು ಕಡಿದವರೇ. ಉಚಲ್ ಪಡೆದು ಗ್ಯಾಂಗೇ ಬರದೆ ಟ್ರ್ಯಾಕ್ಟರ್ ಮಾಲೀಕರು ಮುಳುಗಿದ ಪ್ರಕರಣಗಳು ಸೋಲಾಪುರ ಜಿಲ್ಲೆಯಲ್ಲಿ ಕಡಿಮೆ ಇಲ್ಲ. ಟ್ರ್ಯಾಕ್ಟರಿನ ಸಾಲ ಒಂದು ಕಡೆ, ಕಾರ್ಖಾನೆಯ ಹಣ ಇನ್ನೊಂದು ಕಡೆ, ಹೊಲ ಮಾರಿದವರೂ ಇದ್ದಾರೆ. ಸರಪಳಿಯ ಮೇಲಿನ ಕೊಂಡಿಯಿಂದ ಕೆಳಗಿನ ಕೊಂಡಿಯವರೆಗೆ ಎಲ್ಲರೂ ಸಾಲದಲ್ಲಿ ಇದ್ದಾರೆ. ಆದರೆ ದುಡಿಮೆಯಿಂದಲೇ ಆ ಸಾಲ ತೀರಿಸಬೇಕಾದವರು ಕೊನೆಯ ಕೊಂಡಿಯವರು ಮಾತ್ರ.

ಕೊಪ್ಪಿಯ ಬದುಕು

ನಸುಕಿನ ಮೂರು-ನಾಲ್ಕು ಗಂಟೆಗೆ ಹೆಂಗಸರು ಎದ್ದು ರೊಟ್ಟಿ ಬಡಿಯಬೇಕು. ಬೆಳಕು ಹರಿಯುವ ಮೊದಲೇ ಫಡದಲ್ಲಿ ಇರಬೇಕು. ಗಂಡಸು ಕಡಿಯುತ್ತ ಹೋದಂತೆ ಹೆಂಗಸು ಮೋಳಿ ಕಟ್ಟುತ್ತಾಳೆ, ಹೊರುತ್ತಾಳೆ. ವಾಹನ ರಾತ್ರಿ ಎಷ್ಟು ಹೊತ್ತಿಗೆ ಬಂದರೂ ತುಂಬಲೇಬೇಕು. ಸಂಜೆ ಬಂದು ನೀರು ಹುಡುಕಬೇಕು, ಒಲೆ ಹಚ್ಚಬೇಕು. ಕೊಪ್ಪಿ ಎಂದರೆ ಬಿದಿರು ಬಗ್ಗಿಸಿ ತಾಡಪತ್ರಿ ಇಲ್ಲವೇ ಕಬ್ಬಿನ ರವದಿ ಹೊದಿಸಿದ ಗೂಡು. ನಿಂತರೆ ತಲೆ ತಾಗುತ್ತದೆ. ಕರೆಂಟ್ ಇಲ್ಲ, ಶೌಚಾಲಯ ಇಲ್ಲ, ಸ್ನಾನಕ್ಕೆ ಮರೆ ಇಲ್ಲ. ಹಾವು-ಚೇಳಿನ ಭಯ, ಚಳಿಗಾಲದ ರಾತ್ರಿ ಮಕ್ಕಳಿಗೆ ಕೆಮ್ಮು.

ಇಷ್ಟು ದುಡಿದ ಹೆಣ್ಣಿಗೆ ಬೇರೆ ಪಗಾರ ಇಲ್ಲ. ಕೋಯತಾದ ಲೆಕ್ಕ ಗಂಡನ ಹೆಸರಿನಲ್ಲಿ. ಮುಟ್ಟಿನ ದಿನ, ಬಸುರಿನ ದಿನ ಎಂದು ರಜೆ ಇಲ್ಲ. 2019ರಲ್ಲಿ ಬೀಡ ಜಿಲ್ಲೆಯ ವಿಷಯ ದೇಶಕ್ಕೆಲ್ಲ ಗೊತ್ತಾಯಿತು. ನೀಲಂ ಗೋರ್ಹೆ ಅವರ ಅಧ್ಯಕ್ಷತೆಯ ಸಮಿತಿಯ ಮುಂದೆ ಬಂದ ಸಮೀಕ್ಷೆಯ ಪ್ರಕಾರ, ಕಬ್ಬು ಕಡಿಯುವ 82,309 ಮಹಿಳೆಯರ ಪೈಕಿ 13,861 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ನೂರಕ್ಕೆ ಹದಿನೇಳು. ಸಣ್ಣ ಬೇನೆ ಎಂದು ಹೋದವರಿಗೂ ಆಪರೇಶನ್ ಮಾಡಿದ ದವಾಖಾನೆಗಳ ತಪ್ಪು ಒಂದು. ಆದರೆ ಶುದ್ಧ ನೀರು, ಶೌಚಾಲಯ, ಒಂದು ದಿನದ ವಿಶ್ರಾಂತಿ ಇಲ್ಲದ ಕೆಲಸವೇ ಅವರನ್ನು ಆ ದವಾಖಾನೆಯ ಬಾಗಿಲಿಗೆ ತಂದದ್ದು ಎಂಬುದನ್ನು ಮರೆಯಬಾರದು.

ಮಕ್ಕಳ ಮಾತು ಹೇಳುವುದಾದರೆ, ದೀಪಾವಳಿಗೆ ಬಿಟ್ಟ ಶಾಲೆಗೆ ಅವರು ಮರಳುವುದು ಪರೀಕ್ಷೆ ಹತ್ತಿರ ಬಂದಾಗ. ಅಜ್ಜಿ-ಅಜ್ಜ ಇದ್ದವರು ಊರಿನಲ್ಲಿ ಉಳಿಯುತ್ತಾರೆ. ಇಲ್ಲದವರು ತಂದೆ-ತಾಯಿಯ ಬೆನ್ನು ಹತ್ತುತ್ತಾರೆ. ಗಡಿ ದಾಟಿದರಂತೂ ಮರಾಠಿ ಶಾಲೆಯ ಮಗು ಕನ್ನಡ ಶಾಲೆಯ ಎದುರು, ಕನ್ನಡ ಶಾಲೆಯ ಮಗು ಮರಾಠಿ ಶಾಲೆಯ ಎದುರು ನಿಲ್ಲುತ್ತದೆ.

ರಬ್ಬರ್ ತೋಟದಲ್ಲಿಯೂ ಹೀಗೆಯೇ ಇತ್ತು

ಈಗ ಸ್ವಲ್ಪ ದೂರದ ಮಾತು. ನೂರು ವರ್ಷದ ಹಿಂದೆ ಸಿಲೋನ್ ಮತ್ತು ಮಲಾಯಾದ ರಬ್ಬರ್, ಚಹಾ ತೋಟಗಳಿಗೆ ತಮಿಳು ಹಳ್ಳಿಗಳಿಂದ ಆಳುಗಳನ್ನು ಒಯ್ಯುತ್ತಿದ್ದವನಿಗೆ ಕಂಗಾಣಿ ಎನ್ನುತ್ತಿದ್ದರು. ಅವನೂ ತೋಟದ ಆಳೇ. ತೋಟದ ಮಾಲೀಕನಿಂದ ಹಣ ತಂದು ತನ್ನ ಊರಿನಲ್ಲಿ, ತನ್ನ ಜಾತಿ-ಬಳಗದಲ್ಲಿ ಮುಂಗಡ ಹಂಚುತ್ತಿದ್ದ. ಹಡಗಿನ ಖರ್ಚು ಹಾಕುತ್ತಿದ್ದ. ಎಷ್ಟು ಆಳು ಕೆಲಸಕ್ಕೆ ನಿಂತರೋ ಅಷ್ಟು ತಲೆ ಲೆಕ್ಕದ ಕಮಿಶನ್ ಪಡೆಯುತ್ತಿದ್ದ. ಮುಂಗಡ ಆಳಿನ ತಲೆಯ ಮೇಲೆ ಸಾಲವಾಗಿ ಕೂಡುತ್ತಿತ್ತು. ಸಿಲೋನ್‌ನಲ್ಲಿ ಈ ಸಾಲವನ್ನು ಬರೆದ ಚೀಟಿಗೆ ತುಂಡು ಎಂದು ಹೆಸರು. ತುಂಡಿನಲ್ಲಿ ಬರೆದ ಸಾಲವನ್ನು ಹೊಸ ತೋಟದವನು ತೀರಿಸುವವರೆಗೆ ಆಳು ಹಳೆಯ ತೋಟ ಬಿಡುವಂತಿರಲಿಲ್ಲ.

ಓದುಗರು ಗಮನಿಸಬೇಕು: ಕಂಗಾಣಿಯ ಜಾಗದಲ್ಲಿ ಮುಕಾದಮ, ತುಂಡಿನ ಜಾಗದಲ್ಲಿ ಬಾಕಿ ಎಂದು ಬರೆದರೆ ಇದು ನಮ್ಮ ಕಬ್ಬಿನ ಗ್ಯಾಂಗಿನ ಕಥೆಯೇ. ಆದರೆ ಸಿಲೋನ್‌ನಲ್ಲಿ ತುಂಡು ಪದ್ಧತಿಯನ್ನು 1921ರಲ್ಲಿ ಕಾನೂನು ಮಾಡಿ ರದ್ದುಪಡಿಸಿದರು. ಮಲಾಯಾಕ್ಕೆ ಹೀಗೆ ಆಳು ಒಯ್ಯುವುದನ್ನು 1938ರಲ್ಲಿ ಭಾರತ ಸರ್ಕಾರ ನಿಲ್ಲಿಸಿತು. ಭಾರತದ ತೋಟಗಳ ಸ್ಥಿತಿಯ ಬಗ್ಗೆ 1946ರಲ್ಲಿ ರೇಗೆ ಸಮಿತಿಯ ವರದಿ ಬಂತು. ಸ್ವಾತಂತ್ರ್ಯದ ನಂತರ 1951ರಲ್ಲಿ ತೋಟ ಕಾರ್ಮಿಕರ ಕಾಯ್ದೆ ಆಯಿತು.

ಆ ಕಾಯ್ದೆ ಚಹಾ, ಕಾಫಿ, ರಬ್ಬರ್ ಮುಂತಾದ ತೋಟಗಳಿಗೆ ಅನ್ವಯಿಸಿತು. ಐದು ಹೆಕ್ಟೇರ್ ಅಥವಾ ಹೆಚ್ಚಿನ ಜಮೀನು, ಹದಿನೈದು ಅಥವಾ ಹೆಚ್ಚು ಕಾರ್ಮಿಕರು ಇದ್ದರೆ ಮಾಲೀಕನು ಮನೆ ಕಟ್ಟಿಸಿ ಕೊಡಬೇಕಿತ್ತು. ಕುಡಿಯುವ ನೀರು, ಶೌಚಾಲಯ, ಔಷಧೋಪಚಾರ ಕೊಡಬೇಕಿತ್ತು. ಐವತ್ತು ಮಹಿಳಾ ಕಾರ್ಮಿಕರು ಅಥವಾ ಅವರ ಇಪ್ಪತ್ತು ಎಳೆ ಮಕ್ಕಳು ಇದ್ದಲ್ಲಿ ಕೂಸಿನ ಮನೆ ನಡೆಸಬೇಕಿತ್ತು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳ ಸಂಖ್ಯೆ ನಿಗದಿತ ಮಿತಿಗಿಂತ ಹೆಚ್ಚಾದರೆ ಶಾಲೆಯ ವ್ಯವಸ್ಥೆಯೂ ಮಾಲೀಕನದೇ ಆಗಿತ್ತು. ಬೇನೆ ಬಂದಾಗ ಮತ್ತು ಬಾಣಂತನದಲ್ಲಿ ಭತ್ಯೆ ಸಿಗಬೇಕಿತ್ತು.

ಕರ್ನಾಟಕದಲ್ಲಿ ಇದರ ಉದಾಹರಣೆ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಭಾಗದಲ್ಲಿದೆ. 1964ರ ಅಕ್ಟೋಬರ್‌ನಲ್ಲಿ ಪ್ರಧಾನಿ ಲಾಲ ಬಹಾದ್ದೂರ ಶಾಸ್ತ್ರಿ ಮತ್ತು ಸಿಲೋನ್ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಭಾರತ ಮೂಲದ ತಮಿಳರನ್ನು ಭಾರತ ವಾಪಸು ಪಡೆಯಬೇಕಾಯಿತು. ಅವರಲ್ಲಿ ಕೆಲವು ಕುಟುಂಬಗಳಿಗೆ ಪುನರ್ವಸತಿ ಕಲ್ಪಿಸಲೆಂದು ಇಲ್ಲಿ ಸರ್ಕಾರಿ ರಬ್ಬರ್ ತೋಟಗಳನ್ನು ಬೆಳೆಸಲಾಯಿತು. 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಈ ತೋಟಗಳನ್ನು ನೋಡಿಕೊಳ್ಳುತ್ತದೆ. ನಸುಕಿನಲ್ಲಿ ಎದ್ದು ಮರದಿಂದ ಮರಕ್ಕೆ ಹೋಗಿ ತೊಗಟೆಯನ್ನು ತೆಳ್ಳಗೆ ಕೆತ್ತುವುದು, ಬಿಸಿಲೇರುವ ಮುನ್ನ ಇಳಿದ ಹಾಲನ್ನು ಸಂಗ್ರಹಿಸುವುದು ಅವರ ಕೆಲಸ. ತಂಪಿನಲ್ಲಿ ಮಾತ್ರ ಹಾಲು ಚೆನ್ನಾಗಿ ಇಳಿಯುವುದರಿಂದ ಅವರಿಗೂ ನಿದ್ದೆ ಇಲ್ಲ. ಆದರೆ ಕೆಲಸ ಮುಗಿಸಿ ಮರಳಿದರೆ ಗೋಡೆ ಇರುವ ಮನೆ ಇದೆ, ನಿಗಮದ ಹೆಸರಿನ ಪಗಾರ ಚೀಟಿ ಇದೆ, ಕೇಳಲು ಒಂದು ಕಚೇರಿ ಇದೆ.

ರಬ್ಬರ್ ತೋಟ ಸ್ವರ್ಗ ಎಂದು ಇದರ ಅರ್ಥವಲ್ಲ. ತೋಟದ ಮನೆ ಕೆಲಸಕ್ಕೆ ಅಂಟಿಕೊಂಡ ಮನೆ. ನಿವೃತ್ತಿಯಾದರೆ ಎಲ್ಲಿಗೆ ಹೋಗಬೇಕು ಎಂಬ ಚಿಂತೆ ತೋಟದ ಅನೇಕ ಕುಟುಂಬಗಳಿಗೆ ಇದೆ. ದೇಶದ ರಬ್ಬರ್ ಬೆಳೆಯಲ್ಲಿ ಶೇ. 90ಕ್ಕೂ ಹೆಚ್ಚು ಪ್ರದೇಶ ಸಣ್ಣ ಹಿಡುವಳಿದಾರರದು. ಐದು ಹೆಕ್ಟೇರ್ ಇಲ್ಲದಲ್ಲಿ ಆ ಕಾಯ್ದೆಯೂ ಇರಲಿಲ್ಲ. ಕೇರಳದಲ್ಲಿ ರಬ್ಬರ್ ಕೆತ್ತಲು ಊರಿನ ಯುವಕರು ಸಿಗದೆ ಈಗ ಅಸ್ಸಾಂ, ಒಡಿಶಾ, ಝಾರಖಂಡದವರು ಬರುತ್ತಿದ್ದಾರೆ. ದೊಡ್ಡ ತೋಟದ ಕಾರ್ಮಿಕನಿಗೆ ಇರುವ ಹಕ್ಕು ಅವರಿಗಿಲ್ಲ.

ಕಬ್ಬು ಏಕೆ ಹೊರಗುಳಿಯಿತು?

ಕಾರಣ ಸರಳವಾಗಿದೆ. ರಬ್ಬರ್ ತೋಟಕ್ಕೆ ಒಂದು ಬೇಲಿ, ಒಬ್ಬ ಮಾಲೀಕ. ಜಮೀನು ಅವನದು, ಮರ ಅವನದು, ಆಳು ಅವನದು. ಕಬ್ಬಿನಲ್ಲಿ ಇದು ಮೂರು ಪಾಲಾಗಿದೆ. ಜಮೀನು ರೈತನದು. ಯಾವ ದಿನ ಯಾವ ಹೊಲ ಕಡಿಯಬೇಕೆಂದು ಹೇಳುವುದು ಕಾರ್ಖಾನೆಯ ಕೃಷಿ ವಿಭಾಗ. ಆಳು ತರುವವನು ಮುಕಾದಮ. ಕಾರ್ಖಾನೆಯನ್ನು ಕೇಳಿದರೆ ನಮ್ಮ ಕರಾರು ವಾಹನದ ಮಾಲೀಕನೊಡನೆ ಎನ್ನುತ್ತದೆ. ವಾಹನದವನನ್ನು ಕೇಳಿದರೆ ಮುಕಾದಮನ ಕಡೆ ಬೆರಳು ಮಾಡುತ್ತಾನೆ. ರೈತ ನಾನೇನು ಬಲ್ಲೆ ಎನ್ನುತ್ತಾನೆ.

ಆದರೆ ಹಣದ ಹಾದಿ ಹಿಡಿದು ಹೋದರೆ ಚಿತ್ರ ಬೇರೆ ಕಾಣುತ್ತದೆ. ಕಬ್ಬಿನ ಎಫ್‌ಆರ್‌ಪಿ ಎನ್ನುವುದು ಕಾರ್ಖಾನೆಯ ಬಾಗಿಲಿನ ದರ. ಮಹಾರಾಷ್ಟ್ರದಲ್ಲಿ ಕಡಿಯುವ ಮತ್ತು ಸಾಗಿಸುವ ಖರ್ಚನ್ನು ಅದರಲ್ಲಿಯೇ ಕಡಿತ ಮಾಡಿ ಉಳಿದದ್ದನ್ನು ರೈತನಿಗೆ ಕೊಡುತ್ತಾರೆ. ಹಣ ರೈತನದು, ಕೈಯಲ್ಲಿ ಹಿಡಿದು ಖರ್ಚು ಮಾಡುವುದು ಕಾರ್ಖಾನೆ. ಕಡಿಯುವ ದರ ನಿಗದಿ ಮಾಡುವ ಮಾತುಕತೆಗೆ ಕೂಡುವುದು ಸಕ್ಕರೆ ಸಂಘ. ದರ ನಿಗದಿ ಮಾಡುವವರು, ಕೆಲಸ ಹಚ್ಚುವವರು, ಹಣ ಕೊಡುವವರು ತಾವು ಮಾಲೀಕರಲ್ಲ ಎಂದರೆ ಮತ್ತ್ಯಾರು ಮಾಲೀಕರು? ಇನ್ನೊಂದು ಮಾತು. ಕಬ್ಬು ಕೊಟ್ಟ ರೈತನಿಗೆ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಕೊಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಕಬ್ಬು ಕಡಿದವನ ಹೆಸರು ಆ ವ್ಯವಸ್ಥೆಯಲ್ಲಿ ಎಲ್ಲಿಯೂ ಬರುವುದಿಲ್ಲ.

ಇತ್ತೀಚೆಗೆ ಆದ ಬದಲಾವಣೆ

ಏನೂ ಆಗಿಲ್ಲ ಎಂದು ಹೇಳುವಂತಿಲ್ಲ. ಮಹಾರಾಷ್ಟ್ರದಲ್ಲಿ ಗೋಪೀನಾಥ ಮುಂಡೆ ಅವರ ಹೆಸರಿನಲ್ಲಿ ಕಬ್ಬು ಕಡಿಯುವ ಕಾರ್ಮಿಕರ ಕಲ್ಯಾಣ ಮಹಾಮಂಡಳ ಆಗಿ, 2022ರಲ್ಲಿ ಪುಣೆಯಲ್ಲಿ ಅದರ ಕಚೇರಿ ತೆರೆಯಿತು. ಅರೆದ ಪ್ರತಿ ಟನ್ ಕಬ್ಬಿಗೆ ಕಾರ್ಖಾನೆ 10 ರೂ., ಸರ್ಕಾರ ಅಷ್ಟೇ ಹಣ ಕೊಡಬೇಕೆಂದು ನಿರ್ಧಾರವಾಯಿತು. 2021ರಲ್ಲಿ ಸಂತ ಭಗವಾನಬಾಬಾ ವಸತಿಗೃಹ ಯೋಜನೆಯಡಿ ಗಂಡು ಮಕ್ಕಳಿಗೆ ಮತ್ತು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ವಸತಿಗೃಹಗಳು ಮಂಜೂರಾದವು. ಗ್ರಾಮಸೇವಕರ ಮೂಲಕ ಕಾರ್ಮಿಕರ ನೋಂದಣಿ ಮತ್ತು ಗುರುತಿನ ಚೀಟಿಯ ಕೆಲಸವೂ ಶುರುವಾಯಿತು. 2023ರಲ್ಲಿ ಬಾಂಬೆ ಹೈಕೋರ್ಟ್ ಪತ್ರಿಕಾ ವರದಿಯನ್ನು ನೋಡಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಇನ್ನೊಂದು ಕಡೆ ಕಬ್ಬು ಕಡಿಯುವ ಯಂತ್ರಕ್ಕೆ ಸರ್ಕಾರ ಸಬ್ಸಿಡಿ ಕೊಡುತ್ತಿದೆ. ಯಂತ್ರ ಹೆಚ್ಚಾದಂತೆ ಗ್ಯಾಂಗಿನ ಕೆಲಸ ಕಡಿಮೆಯಾಗುತ್ತದೆ, ಬಾಕಿ ಮಾತ್ರ ಕಡಿಮೆಯಾಗುವುದಿಲ್ಲ.

2025ರ ನವೆಂಬರ್ 21ರಂದು ದೇಶದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 1951ರ ತೋಟ ಕಾಯ್ದೆ ಮತ್ತು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಎರಡೂ ಅವುಗಳಲ್ಲಿ ಒಂದಾದ ಸುರಕ್ಷತೆ-ಆರೋಗ್ಯದ ಸಂಹಿತೆಯಲ್ಲಿ ಸೇರಿದವು. ತೋಟ ಎಂಬುದರ ವ್ಯಾಖ್ಯೆಯಲ್ಲಿ ರಬ್ಬರ್ ಉಳಿಯಿತು, ಕಬ್ಬು ಈ ಸಲವೂ ಬರಲಿಲ್ಲ.

ಗಡಿ ದಾಟುವವರು ತಿಳಿಯಬೇಕಾದದ್ದು

ಆದರೂ ನಮ್ಮ ಗಡಿಭಾಗದವರಿಗೆ ಈ ಕಾನೂನಿನಲ್ಲಿ ಉಪಯೋಗದ ಮಾತುಗಳಿವೆ. ಅಕ್ಕಲಕೋಟದಿಂದ ಅಫಜಲಪುರಕ್ಕೆ ಹೋಗುವುದು ನಮಗೆ ಸಂತೆಗೆ ಹೋದಂತೆ. ಕಾನೂನಿನ ಕಣ್ಣಿಗೆ ಮಾತ್ರ ಕೆಲಸಕ್ಕೆಂದು ಆ ಗಡಿ ದಾಟಿದವನು ಅಂತರರಾಜ್ಯ ವಲಸೆ ಕಾರ್ಮಿಕ. ಅಂಥವರು ಹತ್ತು ಅಥವಾ ಹೆಚ್ಚು ಮಂದಿ ಇರುವಲ್ಲಿ ಆ ಸಂಹಿತೆಯ ವಲಸೆ ಕಾರ್ಮಿಕರ ಭಾಗ ಅನ್ವಯಿಸುತ್ತದೆ. ಒಂದು ಗ್ಯಾಂಗಿನಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಜನರೇ ಇರುತ್ತಾರೆ.

ಮೊದಲನೆಯದು, ಸಾಲದ ಮಾತು. ಗುತ್ತಿಗೆದಾರ ಅಥವಾ ಮಾಲೀಕ ಕೊಟ್ಟ ಮುಂಗಡ ಕೆಲಸದ ಅವಧಿ ಮುಗಿದ ಮೇಲೆಯೂ ಬಾಕಿ ಉಳಿದರೆ, ಅದರ ವಸೂಲಿಗೆ ವಲಸೆ ಕಾರ್ಮಿಕನ ಮೇಲೆ ಕೋರ್ಟಿನಲ್ಲಿ ದಾವೆ ಹೂಡಲು ಬರುವುದಿಲ್ಲ ಎಂದು 1979ರ ಕಾಯ್ದೆಯಲ್ಲಿತ್ತು. ಹೊಸ ಸಂಹಿತೆಯಲ್ಲಿಯೂ ಆ ಮಾತು ಉಳಿದಿದೆ. ಇದು ಉಚಲ್ ಪಡೆದು ಕೆಲಸಕ್ಕೇ ಹೋಗದವರಿಗೆ ಅಲ್ಲ, ಹಂಗಾಮು ಪೂರ್ತಿ ದುಡಿದವರಿಗೆ.

ಎರಡನೆಯದು, ಒತ್ತೆಯ ಮಾತು. ಬಾಕಿಗಾಗಿ ಹೆಂಡತಿ-ಮಕ್ಕಳನ್ನು ಹಿಡಿದಿಟ್ಟರೆ, ಊರಿಗೆ ಹೋಗಲು ಬಿಡದಿದ್ದರೆ ಅದು 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ಕೆಳಗೆ ಅಪರಾಧ. ಬಿಡಿಸುವ ಅಧಿಕಾರ ಜಿಲ್ಲಾಧಿಕಾರಿಗೆ ಇದೆ. ಒತ್ತಾಯದ ದುಡಿಮೆ ಕಂಡುಬಂದರೆ ಅದು ಮುಂಗಡ ಸಾಲಕ್ಕಾಗಿಯೇ ಎಂದು ಭಾವಿಸಿ ನಡೆಯಬೇಕೆಂದು ಸುಪ್ರೀಂ ಕೋರ್ಟ್ 1983ರ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಹೇಳಿದೆ.

ಮೂರನೆಯದು, ರೇಶನ್. ಒಂದು ದೇಶ ಒಂದು ರೇಶನ್ ಕಾರ್ಡ್ ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳಿಗೂ ತಲುಪಿದೆ. ಆಧಾರ್ ಜೋಡಣೆ ಆಗಿದ್ದರೆ ಸೋಲಾಪುರ ಜಿಲ್ಲೆಯ ಕಾರ್ಡಿನ ಮೇಲೆ ವಿಜಯಪುರ ಜಿಲ್ಲೆಯಲ್ಲಿಯೂ ಧಾನ್ಯ ಪಡೆಯಬಹುದು. ಊರು ಬಿಡುವ ಮೊದಲು ಇದನ್ನು ಪರೀಕ್ಷಿಸಿಕೊಳ್ಳಬೇಕು.

ನಾಲ್ಕನೆಯದು, ಕಾಗದ. ಉಚಲ್ ಎಷ್ಟು, ಎಷ್ಟು ಟನ್ ಕಡಿದದ್ದು, ವಾರದ ಖರ್ಚಿ ಎಷ್ಟು ಎಂದು ಒಂದು ನೋಟ್‌ಬುಕ್ಕಿನಲ್ಲಿ ದಿನದ ದಿನ ಬರೆದಿಡಬೇಕು. ಕಾರ್ಖಾನೆಯ ತೂಕದ ಚೀಟಿಯ ಫೋಟೋ ಮೊಬೈಲಿನಲ್ಲಿ ಇರಲಿ. ಖಾಲಿ ಸ್ಟ್ಯಾಂಪ್ ಪೇಪರಿನ ಮೇಲೆ, ಖಾಲಿ ಚೆಕ್ಕಿನ ಮೇಲೆ ಸಹಿ ಬೇಡ. ಗ್ರಾಮಸೇವಕರಲ್ಲಿ ಹೆಸರು ಹಚ್ಚಿ ಗುರುತಿನ ಚೀಟಿ ಪಡೆಯುವಾಗ ಹೆಂಡತಿಯ ಹೆಸರಿನಲ್ಲಿಯೂ ಬೇರೆ ಚೀಟಿ ಕೇಳಬೇಕು. ಇ-ಶ್ರಮ ನೋಂದಣಿಯೂ ಇರಲಿ.

ಇವು ಕಾರ್ಮಿಕರ ಪಾಲಿನ ಕೆಲಸ. ಊರಿನ ಪಾಲಿನ ಕೆಲಸವೂ ಇದೆ. ನಮ್ಮ ಹೊಲದ ಬದುವಿನ ಮೇಲೆ ಗ್ಯಾಂಗ್ ಇಳಿದಾಗ ಬೋರಿನ ನೀರು ಕೊಡುವುದು, ಮಕ್ಕಳನ್ನು ಅಂಗನವಾಡಿಗೆ, ಹತ್ತಿರದ ಶಾಲೆಗೆ ಕಳಿಸುವಂತೆ ಮಾಸ್ತರರಿಗೆ ಹೇಳುವುದು, ಬಸುರಿ ಹೆಂಗಸು ಇದ್ದರೆ ಆಶಾ ತಾಯಿಗೆ ತಿಳಿಸುವುದು ಯಾವ ಕಾನೂನಿಗೂ ಕಾಯಬೇಕಾದ ಕೆಲಸವಲ್ಲ. ಸಹಕಾರಿ ಕಾರ್ಖಾನೆಯ ಶೇರು ಇದ್ದವರು ವಾರ್ಷಿಕ ಸಭೆಗೆ ಹೋದಾಗ ಕಬ್ಬಿನ ದರದ ಜೊತೆಗೆ ಕಡಿಯುವವರ ನೀರು, ಶೌಚಾಲಯ, ಬೆಳಕಿನ ವ್ಯವಸ್ಥೆ ಏನು ಎಂದು ಒಂದು ಪ್ರಶ್ನೆ ಕೇಳಬಹುದು. ಕಡಿಯುವ ಖರ್ಚು ಕಡಿತವಾಗುವುದು ರೈತನ ಬಿಲ್ಲಿನಲ್ಲಿಯೇ. ಆ ಹಣದಲ್ಲಿ ಕಾರ್ಮಿಕನಿಗೆ ಏನು ಸಿಕ್ಕಿತು ಎಂದು ಕೇಳುವ ಹಕ್ಕು ರೈತನಿಗೆ ಇದ್ದೇ ಇದೆ.

ತುಂಡು ಪದ್ಧತಿ ರದ್ದಾಗಿ ನೂರು ವರ್ಷಗಳ ಮೇಲಾಯಿತು. ಕಬ್ಬಿನ ಬಾಕಿ ಇನ್ನೂ ನಡೆದಿದೆ. ರಬ್ಬರ್ ತೋಟದ ಕಾರ್ಮಿಕನಿಗೆ ಮನೆ ಸಿಕ್ಕದ್ದು ಅವನ ಮಾಲೀಕ ಯಾರೆಂದು ಕಾನೂನು ಬೆರಳು ಮಾಡಿ ತೋರಿಸಿದ ಮೇಲೆ. ಮಾಲೀಕ ಯಾರು ಎಂಬ ಪ್ರಶ್ನೆಗೆ ಮುಂಬಯಿ ಮತ್ತು ಬೆಂಗಳೂರು ಎರಡೂ ಕಡೆಯ ಸರ್ಕಾರಗಳು ಉತ್ತರ ಕೊಡುವವರೆಗೆ, ದೀಪಾವಳಿಯ ನಂತರ ನಮ್ಮ ರಸ್ತೆಯ ಮೇಲೆ ಹಾಯುವ ಟ್ರಾಲಿಗಳಲ್ಲಿ ಬಿದಿರು ಮತ್ತು ತಾಡಪತ್ರಿ ಇದ್ದೇ ಇರುತ್ತವೆ.